ಹದಿನೇಳನೆಯ ಬಟ್ಟಲು

ಮಾಸ್ತಿಕಟ್ಟೆಯಿಂದ ಇಳಿದರೆ ಒಂದು ಸಣ್ಣ ಪವರ್‌ಹೌಸು.
ಮೇ ತಿಂಗಳು. ನೀರು ನಿಲ್ಲಿಸಿದ್ದಾರೆ.
ಇಪ್ಪತ್ತು ಬಟ್ಟಲಿನ ಚಕ್ರ ಸುಮ್ಮನಿದೆ,
ಊರೂಟ ಮುಗಿದು ತೊಳೆದಿಟ್ಟ ಪಾತ್ರೆಗಳ ಹಾಗೆ.

ಕೆಂಪು ಬಣ್ಣ ಬಳಿಯುತ್ತೇನೆ. ಕಾಯುತ್ತೇನೆ,
ಹತ್ತು ನಿಮಿಷ, ಗಡಿಯಾರ ನೋಡಿಯೇ.
ಹಳೆಯ ಪಂಚೆಯ ಚೂರಿನಿಂದ ಒಂದೇ ದಿಕ್ಕಿಗೆ ಒರೆಸುತ್ತೇನೆ.
ಮೇಲೆ ಬಿಳಿ ಪುಡಿಯ ತುಂತುರು.
ಆಮೇಲೆ ನನ್ನ ಕೆಲಸವೇನೂ ಇಲ್ಲ.
ಒಳಗಿಳಿದದ್ದು ತಾನೇ ಹೊರಗೆ ಬರಬೇಕು.

ಹದಿನಾರರಲ್ಲಿ ಏನಿಲ್ಲ.
ಹದಿನೇಳರ ಬುಡದಲ್ಲಿ, ತೋಳಿಗೆ ಸೇರುವ ತಿರುವಿನಲ್ಲಿ
ಒಂದು ಕೆಂಪು ಎಳೆ,
ಅವಸರದಲ್ಲಿ ತೆಗೆದ ಬೈತಲೆಯಂತೆ ತುಸು ಸೊಟ್ಟ.
ಸ್ಕೇಲು ಇಟ್ಟೆ: ಹನ್ನೊಂದು ಮಿಲಿಮೀಟರು.

‘ಯಾವಾಗಿನಿಂದ?’ ಅಂದರು ಮ್ಯಾನೇಜರ್ ಕುಡ್ವ.
ಯಾರಿಗೆ ಗೊತ್ತು.
ನಿಮಿಷಕ್ಕೆ ಐನೂರು ಸುತ್ತು, ಸುತ್ತಿಗೊಂದು ನೀರಿನ ಏಟು,
ಗಂಟೆಗೆ ಮೂವತ್ತು ಸಾವಿರ.
ಒಂದೊಂದಾಗಿ ಕೇಳಿದರೆ ಯಾವ ಏಟೂ ಏಟೇ ಅಲ್ಲ.
ಒಂದೇ ಹೊಡೆತಕ್ಕೆ ಮುರಿಯುವ ಜಾತಿಯಲ್ಲ ಈ ಉಕ್ಕು.
ಮರೆಯಲಾರದ ಜಾತಿ.

ಗುತ್ಯಪ್ಪ ಸ್ಟೋರಿಗೆ ಹೋಗಿ
ಬಾಗಿಲಿಗೆ ಒತ್ತು ಕೊಟ್ಟಿದ್ದ ಮುರುಕು ಬಟ್ಟಲನ್ನು ಎತ್ತಿ ತಂದರು.
ಎಂಟು ವರ್ಷದ ಹಿಂದೆ ಗೋಡೆ ತೂತು ಮಾಡಿದ್ದು.
‘ಯಾರಿಗೂ ತಾಗಲಿಲ್ಲ. ನಾನು ಬೀಡಿ ಸೇದಲಿಕ್ಕೆ ಹೊರಗೆ ಹೋಗಿದ್ದೆ ಮಾರಾಯ್ರೆ.’
ಸೀಮೆಎಣ್ಣೆಯಲ್ಲಿ ಉಜ್ಜಿ, ಟಾರ್ಚು ಓರೆ ಹಿಡಿದರೆ
ಮುರಿದ ಮುಖದ ತುಂಬ ಕಪ್ಪೆಚಿಪ್ಪಿನ ಗೆರೆಗಳು,
ಮೂಲೆಯ ಒಂದು ಚುಕ್ಕಿಯಿಂದ ಹೊರಟು ಅಗಲವಾಗುತ್ತ.
ಯಂತ್ರ ನಿಂತು ಹೊರಟಾಗೆಲ್ಲ ಒಂದು ಗೆರೆ.
ಲಾಗ್‌ಬುಕ್ಕು ತೆಗೆದು ಪಕ್ಕದಲ್ಲಿಟ್ಟು ಓದಿದೆವು:
ಇದು ಸಿಡಿಲಿಗೆ ಲೈನು ಹೋದ ರಾತ್ರಿ.
ಇದು ಜಾಲರಿಗೆ ಮರ ಸಿಕ್ಕಿ ಮೂರು ದಿನ ನಿಂತದ್ದು.
ಇದು...
ಗುತ್ಯಪ್ಪ ಕನ್ನಡಕ ಏರಿಸಿದರು.
‘ಮಗಳ ಮದುವೆ. ರಿಲೀವರ್ ಬರಲಿಲ್ಲ, ನಿಲ್ಲಿಸಿಯೇ ಹೋದೆ.
ಪುಸ್ತಕದಲ್ಲಿ ಬೇರಿಂಗ್ ಬಿಸಿ ಅಂತ ಬರೆದಿದೀನಿ.’
ಉಕ್ಕಿಗೆ ಕಾರಣ ಬೇಕಿರಲಿಲ್ಲ.
ನಿಂತದ್ದಷ್ಟೇ ಬರೆದುಕೊಂಡಿತ್ತು.

ಚುಕ್ಕಿಯಿಂದ ಹನ್ನೊಂದಕ್ಕೆ ಮೂರು ಮಳೆಗಾಲ.
ಹನ್ನೊಂದರಿಂದ ಗೋಡೆಗೆ ಒಂದೇ.

ರಾತ್ರಿ ಲ್ಯಾಪ್‌ಟಾಪಿನಲ್ಲಿ
ಹದಿನೇಳನೆಯ ಬಟ್ಟಲನ್ನು ಹತ್ತು ಸಾವಿರ ಸಲ ಮುರಿದೆ.
ಒಂದು ಸಲ ಮುರಿದ ಹೊತ್ತಿಗೆ ಇನ್ನೊಂದು ಸಲ ಮುರಿಯಲಿಲ್ಲ.
ಒಂದೇ ಎರಕ, ಒಂದೇ ಏಟು, ಆಯುಸ್ಸು ಮಾತ್ರ ಬೇರೆ ಬೇರೆ.
ಈ ಲೆಕ್ಕದಲ್ಲಿ ಉತ್ತರ ಒಂದು ಸಂಖ್ಯೆಯಲ್ಲ,
ಗುಡ್ಡದ ಹಾಗೆ ಏರಿ ಇಳಿಯುವ ಒಂದು ಗೆರೆ.

ಬೆಳಿಗ್ಗೆ ಗಂಟೆಗಳಲ್ಲಿ ಹೇಳಿದೆ.
ಗುತ್ಯಪ್ಪ ಬೆರಳು ಮಡಚುತ್ತ ಮಳೆಗೆ ತಿರುಗಿಸಿದರು:
ಮೃಗಶಿರೆಗೆ ನೀರು ಬಿಟ್ಟರೆ
ಪುನರ್ವಸುವಿಗೆ ಸಾವಿರದಲ್ಲಿ ಏಳು,
ಆಶ್ಲೇಷಕ್ಕೆ ನೂರರಲ್ಲಿ ಏಳು,
ಉತ್ತರೆಯ ಹೊತ್ತಿಗೆ ನಾಣ್ಯ ಚಿಮ್ಮಿದ ಹಾಗೆ.

‘ಇರುತ್ತೋ ಹೋಗುತ್ತೋ, ಒಂದು ಮಾತು ಬರೀರಿ’ ಅಂದರು ಕುಡ್ವ.
ಅವರದೂ ತಪ್ಪಲ್ಲ. ಹೊಸ ಚಕ್ರಕ್ಕೆ ಹತ್ತು ತಿಂಗಳು,
ಫಾರಮ್ಮಿನಲ್ಲಿ ಎರಡೇ ಚೌಕ.
ನಾನು ಪಕ್ಕದಲ್ಲಿ ಮೂರನೆಯದೊಂದು ಗೀಚಿದೆ:
ಪುನರ್ವಸು ದಾಟುವ ಮೊದಲು ನಿಲ್ಲಿಸಿ. ಮತ್ತೆ ಅಳೆಯಬೇಕು.
ಸಹಿ ಹಾಕುವಾಗ ಕೈ ನಡುಗಲಿಲ್ಲ, ಆದರೆ
ಹೆಸರು ಬರೆದ ಮೇಲೆ ಚುಕ್ಕಿ ಇಡಲು ಮರೆತೆ.

‘ಆ ಏಳರಲ್ಲಿ ಇದು ಇದೆಯೋ ಇಲ್ಲವೋ, ಅದು ಗೊತ್ತಾಗಲ್ವಾ?’
ಗುತ್ಯಪ್ಪ ಕೇಳಿದರು.
ಇಲ್ಲ, ಅಂದೆ.
ಪುಡಿ ಒರೆಸಿದ ಮೇಲೆ
ಹದಿನೇಳೂ ಹದಿನೆಂಟೂ ಒಂದೇ ಥರ ಹೊಳೆದವು.

ಅವರು ಸೀಮೆಸುಣ್ಣ ತಂದು
ಚಕ್ರದ ನೇರಕ್ಕೆ ನೆಲದ ಮೇಲೆ ಎರಡು ಗೆರೆ ಎಳೆದರು.
ಊಟದ ಡಬ್ಬಿ, ರೇಡಿಯೋ, ಲಾಗ್‌ಬುಕ್ಕಿನ ಮೇಜು ಗೆರೆಯಾಚೆಗೆ.
ಕೊನೆಗೆ ಕುರ್ಚಿ.
ಕೂತು, ಚಕ್ರದ ಕಡೆ ನೋಡಿ, ಎದ್ದು
ಅದನ್ನು ಇನ್ನೂ ಒಂದು ಗೇಣು ಸರಿಸಿದರು.